ಹಳೆ ಸ್ಕೇಟ್‌ಬೋರ್ಡಿಗೆ ಬೆಲೆ ಕಟ್ಟುವವರು ಯಾರು?

(ಕಲಬುರಗಿಯ ಪದವಿ ಕಾಲೇಜೊಂದರ ವಾಣಿಜ್ಯ ವಿದ್ಯಾರ್ಥಿಗಳು ಮತ್ತು ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಕೆಲವು ವರ್ತಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಒಂದೇ ಮಾತು ಎರಡು ಸಲ ಬಂದಲ್ಲಿ ಕತ್ತರಿಸಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳನ್ನು ಇದ್ದ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ಶರಣು.

ಪ್ರಿನ್ಸಿಪಾಲರು ನನ್ನ ಪರಿಚಯ ಹೇಳುತ್ತ ‘ಗಂಜಿನಲ್ಲಿ ಇವರದು ಅಡತಿ ಅಂಗಡಿ, ಹವ್ಯಾಸ ಹಳೆ ಸ್ಕೇಟ್‌ಬೋರ್ಡು ಕೂಡಿಡೋದು’ ಅಂದಾಗ ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ನಗ್ರಿ, ಅಡ್ಡಿಯಿಲ್ಲ. ನಮ್ಮ ಮನೆಯಲ್ಲೂ ನಗುತ್ತಾರೆ. ತೊಗರಿ ಚೀಲ ಎಣಿಸುವ ಮಗ ಅಮೆರಿಕದ ಹುಡುಗರು ಆಡಿ ಬಿಸಾಕಿದ ಹಲಗೆಗೆ ರೊಕ್ಕ ಸುರಿಯುವುದು ಯಾಕೆ ಅಂತ ನಮ್ಮವ್ವನಿಗೆ ಇವತ್ತಿಗೂ ತಿಳಿದಿಲ್ಲ. ಇಂಜಿನಿಯರಿಂಗ್ ಮುಗಿಸಿ ಕೆಲವು ವರ್ಷ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿದೆ. ಅಲ್ಲಿ ಭಾನುವಾರದ ಸಂತೆಗಳಲ್ಲಿ ಹಳೆ ಸಾಮಾನು ನೋಡುವ ಚಟ ಹತ್ತಿತು. ಅಪ್ಪನಿಗೆ ವಯಸ್ಸಾಯಿತೆಂದು ಊರಿಗೆ ಬಂದು ಅಂಗಡಿಯಲ್ಲಿ ಕೂತ ಮೇಲೂ ಚಟ ಬಿಡಲಿಲ್ಲ, ಸಂತೆಯ ಬದಲು ಆನ್‌ಲೈನ್ ಹರಾಜಿಗೆ ಬಂತು ಅಷ್ಟೇ.

ವಾಣಿಜ್ಯ ಓದುವ ನಿಮ್ಮೆದುರು ಈ ವಿಷಯ ಎತ್ತಿಕೊಳ್ಳಲು ಕಾರಣವಿದೆ. ಬೆಲೆ ಹೇಗೆ ಹುಟ್ಟುತ್ತದೆ ಅಂತ ಪುಸ್ತಕದಲ್ಲಿ ಓದುತ್ತೀರಿ. ಅದು ಹುಟ್ಟುವುದನ್ನು ಕಣ್ಣಾರೆ ನೋಡಲು ಎರಡು ಜಾಗ ಒಳ್ಳೆಯವು. ಒಂದು ನಮ್ಮ ನೆಹರೂ ಗಂಜ್, ಇನ್ನೊಂದು ಹಳೆ ಸಾಮಾನಿನ ಹರಾಜು. ಎರಡನ್ನೂ ದಿನಾ ನೋಡಿ ನನಗೆ ಮನದಟ್ಟಾಗಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಒಂದೇ ಒಂದು ಮಾಲು ಹರಾಜಿಗೆ ಬಂದಾಗ ಅದರ ಬೆಲೆ ಕಟ್ಟುವವನು ಸೋತು ಎದ್ದುಹೋಗುವ ಎರಡನೆಯ ಗಿರಾಕಿ. ಗೆದ್ದವನ ಹೆಸರು ಪೇಪರಿನಲ್ಲಿ ಬರುತ್ತದೆ, ಲೆಕ್ಕ ಬರೆದವನು ಮಾತ್ರ ಈ ಎರಡನೆಯವನು.

ಮೊದಲು ಮಾಲು ನೋಡೋಣ. ಗಂಜಿನಲ್ಲಿ ಕೂಡ ಸ್ಯಾಂಪಲ್ ಕೈಗೆ ತಗೊಂಡು, ಕಾಳು ಹಲ್ಲಿಗೆ ಕಚ್ಚಿ ನೋಡದೆ ಯಾರೂ ರೇಟು ಹಾಕುವುದಿಲ್ಲ.

ಮೇಜಿನ ಮೇಲಿರುವ ಈ ಚಿಕ್ಕ ಹಲಗೆ 1960ರ ದಶಕದ್ದು. ಅಗಲ ನನ್ನ ಅಂಗೈಗಿಂತ ಸ್ವಲ್ಪ ಹೆಚ್ಚು, ಚಪ್ಪಟೆ, ಎರಡೂ ತುದಿ ಎದ್ದಿಲ್ಲ. ಸಮುದ್ರದಲ್ಲಿ ಅಲೆ ಇಲ್ಲದ ದಿನ ರಸ್ತೆಯ ಮೇಲೆ ಅದೇ ಆಟ ಆಡಬೇಕೆಂದು ಕ್ಯಾಲಿಫೋರ್ನಿಯಾದ ಸರ್ಫರ್‌ಗಳು ರೋಲರ್ ಸ್ಕೇಟಿನ ಗಾಲಿ ಕಿತ್ತು ಹಲಗೆಗೆ ಜಡಿದರು. ಮೊದಮೊದಲು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. 1959ರಲ್ಲಿ ರೋಲರ್ ಡರ್ಬಿ ಕಂಪನಿಯ ಬೋರ್ಡು ಅಂಗಡಿಗೆ ಬಂತು, ಆಮೇಲೆ ಮಕಾಹಾ, ಹೋಬಿ ಕಂಪನಿಗಳವು. 1965ರ ಮೇ 14ರ ಲೈಫ್ ಪತ್ರಿಕೆಯ ಮುಖಪುಟದಲ್ಲಿ ಪ್ಯಾಟ್ ಮೆಗೀ ಎಂಬ ಹುಡುಗಿ ಬೋರ್ಡಿನ ಮೇಲೆ ತಲೆಕೆಳಗಾಗಿ ನಿಂತ ಚಿತ್ರವಿದೆ. ಅಷ್ಟು ಹುಚ್ಚು ಹಿಡಿದಿತ್ತು. ಅದೇ ವರ್ಷದ ಕೊನೆಗೆ ಹುಚ್ಚು ಇಳಿದೂ ಹೋಯಿತು. ಎಷ್ಟೋ ಊರುಗಳು ರಸ್ತೆಯಲ್ಲಿ ಸ್ಕೇಟ್‌ಬೋರ್ಡು ನಿಷೇಧಿಸಿದವು. ಕಾರಣ ಈ ಗಾಲಿ. ಮುಟ್ಟಿ ನೋಡ್ರಿ. ಇದು ಮಣ್ಣಿನ ಗಾಲಿ, ಜೇಡಿಯ ಪುಡಿಗೆ ಅಂಟು ಬೆರೆಸಿ ಒತ್ತಿ ಮಾಡಿದ್ದು. ಅಂಚು ಒಡೆದಿರುವುದು ಕಾಣುತ್ತದಲ್ಲ? ಒಂದು ಸಣ್ಣ ಹರಳು ಅಡ್ಡ ಬಂದರೂ ಗಾಲಿ ಗಪ್ಪನೆ ನಿಲ್ಲುತ್ತದೆ, ಮೇಲಿದ್ದ ಹುಡುಗ ನಿಲ್ಲುವುದಿಲ್ಲ.

ಇದನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಪರೀಕ್ಷೆ ಮಾಡಬಹುದು. ನೆಲಕ್ಕೆ ಶಹಾಬಾದ್ ಕಲ್ಲು. ಕಲ್ಲಿನ ಮೇಲೆ ಮಣ್ಣಿನ ಗಾಲಿ ಚೆನ್ನಾಗಿಯೇ ಓಡುತ್ತದೆ, ಗಲಗಲ ಸದ್ದು ಮಾಡುತ್ತ. ಎರಡು ಫರಸಿ ಕೂಡುವ ಸಂದು ಬಂತೋ, ಟಕ್ ಅಂತ ಹಿಡಿದುಕೊಳ್ಳುತ್ತದೆ. ಅದೇ ಸಂದಿನ ಮೇಲೆ ಯುರೆಥೇನ್, ಅಂದರೆ ರಬ್ಬರಿನ ಹಾಗೆ ತುಸು ಮೆತ್ತಗಿನ ಪ್ಲಾಸ್ಟಿಕ್ಕಿನ, ಗಾಲಿ ಹಾಯಿಸಿದರೆ ಸಂದು ಇದ್ದದ್ದೇ ಗೊತ್ತಾಗುವುದಿಲ್ಲ. ಯುರೆಥೇನ್ ಗಾಲಿಯನ್ನು ರೋಲರ್ ಸ್ಕೇಟಿಗಾಗಿ ಮಾಡಿದ್ದರು. ಅದು ಸ್ಕೇಟ್‌ಬೋರ್ಡಿಗೆ ಸರಿಹೋಗುತ್ತದೆ ಅಂತ ಕಂಡುಕೊಂಡವನು ಫ್ರಾಂಕ್ ನಾಸ್ವರ್ದಿ. 1970ರ ದಶಕದ ಆರಂಭದಲ್ಲಿ ಕ್ಯಾಡಿಲಾಕ್ ವೀಲ್ಸ್ ಅನ್ನುವ ಹೆಸರಿನಲ್ಲಿ ಮಾರತೊಡಗಿದ. ಸತ್ತ ಆಟಕ್ಕೆ ಮತ್ತೆ ಜೀವ ಬಂತು. ಹಿಂದಿನ ತುದಿ ಮೇಲಕ್ಕೆ ಬಾಗಿದ ಹಲಗೆ ಆಗಲೇ ಬಂದಿತ್ತು. ಬರಗಾಲ ಬಿದ್ದು ಕ್ಯಾಲಿಫೋರ್ನಿಯಾದ ಮನೆಗಳ ಈಜುಕೊಳ ಬತ್ತಿದಾಗ ಹುಡುಗರು ಅದರ ಗೋಡೆಗಳ ಮೇಲೆ ಓಡಿಸಲು ಕಲಿತರು.

ಈಗ ಈ ದೊಡ್ಡದನ್ನು ನೋಡಿ. ಪವೆಲ್ ಪೆರಾಲ್ಟಾ ಕಂಪನಿಯದು. ಜಾರ್ಜ್ ಪವೆಲ್ ಮತ್ತು ಸ್ಟೇಸಿ ಪೆರಾಲ್ಟಾ ಸೇರಿ 1978ರಲ್ಲಿ ಕಟ್ಟಿದ ಕಂಪನಿ. ಟೋನಿ ಹಾಕ್, ಸ್ಟೀವ್ ಕಬಾಯೆರೊ, ರಾಡ್ನಿ ಮಲ್ಲನ್ ಇವರೆಲ್ಲ ಅವರ ತಂಡದ ಆಟಗಾರರು. ಇದು 1980ರ ದಶಕದ ನಡುವಿನದು. ಏಳು ಪದರ ಮೇಪಲ್ ಮರ, ಅಗಲ ಸುಮಾರು ಹತ್ತು ಇಂಚು. ಮೂತಿ ಗಿಡ್ಡ, ಬಾಲ ಅಗಲ. ಕೆಳಗಡೆ ಡ್ರ್ಯಾಗನ್ ಚಿತ್ರ. ಬೆರಳಾಡಿಸಿದರೆ ಬಣ್ಣದ ಅಂಚು ತುಸು ಉಬ್ಬಿರುವುದು ತಿಳಿಯುತ್ತದೆ, ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಹಿಡಿದು ಕೈಯಿಂದ ಎಳೆದದ್ದು. ಈ ಚಿತ್ರಗಳನ್ನು ಬರೆದವನು ವರ್ನನ್ ಕೋರ್ಟ್‌ಲ್ಯಾಂಡ್ ಜಾನ್ಸನ್. ಸಂಗ್ರಾಹಕರು ವಿಸಿಜೆ ಅನ್ನುತ್ತಾರೆ. ಇಲ್ಲಿ ನಡುವೆ ನೋಡಿ, ಬಣ್ಣ ಉಜ್ಜಿ ಹೋಗಿ ಮರ ಕಾಣುತ್ತಿದೆ. ಕಟ್ಟೆಯ ಅಂಚಿಗೆ ಹಲಗೆ ಜಾರಿಸಿದ ಗುರುತು. ಬಾಲದ ತುದಿ ಬ್ರೇಕ್ ಹಾಕಿ ಹಾಕಿ ಸವೆದು ಚಾಕುವಿನ ಹಾಗೆ ತೆಳುವಾಗಿದೆ. ಈ ಚೌಕಾಕಾರದ ತಿಳಿ ಕಲೆಯ ಜಾಗದಲ್ಲಿ ಯಾವುದೋ ಸ್ಟಿಕರ್ ಇತ್ತು. ಯಾರೋ ಒಬ್ಬ ಹುಡುಗ ಇದರ ಮೇಲೆ ಚೆನ್ನಾಗಿ ಆಡಿದ್ದಾನೆ. ಅದಕ್ಕೇ ನನ್ನ ಕೈಗೆ ಎಟುಕುವ ಬೆಲೆಗೆ ಬಂತು. ಇದೇ ಬೋರ್ಡು ಒಂದು ದಿನವೂ ಓಡದೆ, ಗಾಲಿ ಕೂಡಿಸುವ ತೂತಿಗೆ ಸ್ಕ್ರೂ ತಾಗದೆ ಉಳಿದಿದ್ದರೆ ಸಾವಿರ ಡಾಲರ್ ದಾಟುವುದು ಅಪರೂಪವೇನಲ್ಲ.

‘ಓಡದ ಬೋರ್ಡು ಎಲ್ಲಿಂದ ಬರ್ತದ್ರಿ ಅಣ್ಣಾ? ಮಕ್ಕಳು ಆಡೋಕೇ ಕೊಂಡಿರ್ತಾರಲ್ಲ’ ಅಂತ ಒಬ್ಬರು ಕೇಳುತ್ತಿದ್ದಾರೆ. ಒಳ್ಳೆ ಪ್ರಶ್ನೆ. ಬಂದದ್ದು ಅಂಗಡಿಯ ಗೋದಾಮಿನಿಂದ. ಈ ಆಟದ ವ್ಯಾಪಾರ ಕಂತು ಕಂತಾಗಿ ಏರಿ, ಕಂತು ಕಂತಾಗಿ ಕುಸಿದಿದೆ. 1965ರದ್ದು ಹೇಳಿದೆ. 1970ರ ದಶಕದ ಕೊನೆಗೆ ಸ್ಕೇಟ್‌ಪಾರ್ಕುಗಳಿಗೆ ವಿಮೆ ಸಿಗದೆ ಸಾಲುಸಾಲಾಗಿ ಮುಚ್ಚಿದವು. ಮೂರನೆಯದು 1990ರ ಆಸುಪಾಸು. ದೊಡ್ಡ ಇಳಿಜಾರಿನ ಆಟ ಬಿಟ್ಟು ಹುಡುಗರು ಬೀದಿಗೆ ಬಂದರು. ಮೆಟ್ಟಿಲು, ಕಟಾಂಜನ, ಕಟ್ಟೆಗಳ ಮೇಲೆ ಆಡಲು ಅವರಿಗೆ ಹಗುರ, ಕಿರಿದು, ಎರಡೂ ತುದಿ ಎದ್ದಿರುವ ಹಲಗೆ ಬೇಕಾಯಿತು. ಒಂದೆರಡು ವರ್ಷದೊಳಗೆ ಹತ್ತು ಇಂಚಿನ ಬೋರ್ಡನ್ನು ಯಾರೂ ಮುಟ್ಟದಂತಾಯಿತು. ಅಂಗಡಿಯವರು ಸಿಕ್ಕಷ್ಟಕ್ಕೆ ಕೊಟ್ಟರು, ಉಳಿದದ್ದನ್ನು ಅಟ್ಟಕ್ಕೆ ಎಸೆದರು. ಹಾಗೆ ಎಸೆದ ಮಾಲೇ ಇವತ್ತಿನ ಚಿನ್ನ. ನಲವತ್ತು-ಐವತ್ತು ಡಾಲರಿಗೂ ಹೋಗದೆ ಧೂಳು ತಿಂದ ಹಲಗೆಗಳು. ಸಂಗ್ರಾಹಕರು ಇವಕ್ಕೆ ಎನ್‌ಒಎಸ್ ಅನ್ನುತ್ತಾರೆ, ಅಂಗಡಿಯಲ್ಲೇ ಉಳಿದ ಹಳೆ ಹೊಸ ಮಾಲು. ಗಂಜಿನ ಹಿರಿಯರು ಈ ಮಾತಿಗೆ ಮುಖ ಗಂಟು ಹಾಕಬೇಡಿ. ತೊಗರಿಯಲ್ಲಿ ಇದು ನಡೆಯುವುದಿಲ್ಲ, ನುಸಿ ಹಿಡಿಯುತ್ತದೆ.

ಇನ್ನೊಂದು ವಿಚಿತ್ರ ಗಮನಿಸಿ. 1960ರ ದಶಕದ ಆ ಚಿಕ್ಕ ಹಲಗೆ ಇಪ್ಪತ್ತು ವರ್ಷ ಹಿರಿಯದು, ಆದರೂ ಬೆಲೆಯಲ್ಲಿ ಕಿರಿಯದು. ಆ ಕಾಲದ ಸಾಮಾನ್ಯ ಬೋರ್ಡುಗಳು ಇವತ್ತಿಗೂ ಹತ್ತಾರು ಡಾಲರಿಗೆ ಸಿಗುತ್ತವೆ. ವಯಸ್ಸಿಗೇ ಬೆಲೆ ಇದ್ದಿದ್ದರೆ ಇದು ಉಲ್ಟಾ ಆಗಬೇಕಿತ್ತು. ಬೆಲೆ ಕೊಡುವವರ ವಯಸ್ಸು ನೋಡಿದರೆ ಗುಟ್ಟು ತಿಳಿಯುತ್ತದೆ. 1986ರಲ್ಲಿ ಹದಿಮೂರರ ಹುಡುಗನಿಗೆ ಡ್ರ್ಯಾಗನ್ ಬೋರ್ಡು ಬೇಕಿತ್ತು, ಅಪ್ಪ ಕೊಡಿಸಲಿಲ್ಲ. ಈಗ ಅವನಿಗೆ ಐವತ್ತು ದಾಟಿದೆ, ಮನೆ ಸಾಲ ತೀರಿದೆ, ಕೇಳುವವರಿಲ್ಲ. ಅವನು ಕೊಳ್ಳುತ್ತಿರುವುದು ಹಲಗೆಯನ್ನು ಅಂತ ನನಗನ್ನಿಸುವುದಿಲ್ಲ. 1960ರ ದಶಕದಲ್ಲಿ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತರ ಮೇಲೆ. ಅವರಲ್ಲಿ ಬಹಳ ಮಂದಿ ಸಾಮಾನು ಕಡಿಮೆ ಮಾಡಿಕೊಳ್ಳುವ ಹಂತದಲ್ಲಿದ್ದಾರೆ. ಮುಂದೆ ಇಪ್ಪತ್ತು ವರ್ಷಕ್ಕೆ ಡ್ರ್ಯಾಗನ್‌ಗೂ ಇದೇ ಗತಿ ಬರಬಹುದು ಅನ್ನುವುದು ನನ್ನ ಅಂದಾಜು. ನನ್ನ ಜೊತೆ ಈ ಮಾತಿಗೆ ಜಗಳವಾಡುವ ಗೆಳೆಯರಿದ್ದಾರೆ.

ಸರಿ, ಈಗ ಹರಾಜಿಗೆ ಬರೋಣ.

ನಾನು ಕೂಗುವ ಆನ್‌ಲೈನ್ ಹರಾಜಿನ ತಾಣ ಇಬೇ ಶುರುವಾದದ್ದು 1995ರ ಸೆಪ್ಟೆಂಬರಿನಲ್ಲಿ. ಪಿಯರ್ ಒಮಿಡ್ಯಾರ್ ಆಗ ಇಟ್ಟ ಹೆಸರು ಆಕ್ಷನ್‌ವೆಬ್. ಅಲ್ಲಿ ಮಾರಾಟವಾದ ಮೊದಲ ವಸ್ತು ಒಂದು ಕೆಟ್ಟ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಅಂತ ಗೊತ್ತೇನಪ್ಪಾ ಅಂತ ಕೇಳಿದರೆ, ಕೊಂಡವನು ನಾನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಕೂಡಿಡೋದು ಅಂದನಂತೆ. ನಮ್ಮ ದೇಶಕ್ಕೆ 2004ರಲ್ಲಿ ಬಾಜೀ ಡಾಟ್ ಕಾಮ್ ಅನ್ನು ಕೊಂಡುಕೊಂಡು ಬಂತು, 2018ರ ಆಗಸ್ಟಿನಲ್ಲಿ ಭಾರತದ ತಾಣ ಮುಚ್ಚಿತು. ಈಗ ನಾವು ಇಲ್ಲಿಂದ ಕೂಗುವುದು ಅಮೆರಿಕದ ತಾಣದಲ್ಲೇ.

ಅಲ್ಲಿನ ಕೂಗು ಹೇಗೆಂದರೆ, ನಿಮ್ಮ ಗರಿಷ್ಠ ಮೊತ್ತವನ್ನು ನೀವು ಗುಟ್ಟಾಗಿ ಬರೆದಿಡುತ್ತೀರಿ. ಯಂತ್ರ ನಿಮ್ಮ ಪರವಾಗಿ ಬೇಕಾದಷ್ಟೇ ಏರಿಸುತ್ತದೆ. ಕರಿಹಲಗೆಯ ಮೇಲೆ ಬರೆಯುತ್ತೇನೆ: ಬಸಣ್ಣ 900 ಡಾಲರ್ ಬರೆದಿಟ್ಟ. ರಫೀಕ್ 640 ಬರೆದಿಟ್ಟ. ಮೂರನೆಯವಳು ಸವಿತಾ 300. ಬೋರ್ಡು ಯಾರಿಗೆ? ಬಸಣ್ಣನಿಗೆ. ಎಷ್ಟಕ್ಕೆ? 900 ಅಂದಿರಿ, ತಪ್ಪು. ಆ ಮಟ್ಟದಲ್ಲಿ ಒಂದು ಮೆಟ್ಟಿಲು 10 ಡಾಲರ್, ಹಾಗಾಗಿ ರಫೀಕನ 640ರ ಮೇಲೆ 10, ಒಟ್ಟು 650. ಬಸಣ್ಣ 900ರ ಬದಲು 9,000 ಬರೆದಿದ್ದರೂ 650ಕ್ಕೇ ಸಿಗುತ್ತಿತ್ತು. ರಫೀಕ್ ಆ ದಿನ ಮದುವೆಗೆ ಹೋಗಿ ಮರೆತುಬಿಟ್ಟಿದ್ದರೆ? 305ಕ್ಕೆ. ಅದೇ ಬೋರ್ಡು, ಅದೇ ದಿನ, ಅದೇ ಬಸಣ್ಣ. ಬೆಲೆ ಅರ್ಧಕ್ಕಿಂತ ಕೆಳಗೆ ಬಂತು, ಸೋಲುವವನೊಬ್ಬ ಬರಲಿಲ್ಲ ಅಂತ.

ಈ ಬಗೆಯ ಹರಾಜಿನ ಲೆಕ್ಕ ಬಿಡಿಸಿಟ್ಟವರು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ, 1961ರಲ್ಲಿ. 1996ರಲ್ಲಿ ನೊಬೆಲ್ ಬಂತು, ಘೋಷಣೆಯಾಗಿ ಮೂರೇ ದಿನಕ್ಕೆ ತೀರಿಕೊಂಡರು. ಅವರಿಗಿಂತ ಮುಂಚೆ, ಹತ್ತೊಂಬತ್ತನೇ ಶತಮಾನದಲ್ಲೇ, ಅಂಚೆಚೀಟಿ ವ್ಯಾಪಾರಿಗಳು ಟಪಾಲಿನಲ್ಲಿ ಕೂಗು ತರಿಸಿಕೊಂಡು ಗೆದ್ದವನಿಂದ ಎರಡನೆಯವನ ಮೊತ್ತ ವಸೂಲು ಮಾಡುತ್ತಿದ್ದರು. ಸಂಗ್ರಾಹಕರ ಚಟ ಅರ್ಥಶಾಸ್ತ್ರಜ್ಞರಿಗಿಂತ ಮುಂದಿತ್ತು ಅನ್ನುವುದು ನನಗೆ ಖುಷಿಯ ಸಂಗತಿ.

ಇದನ್ನು ಗಂಜಿನ ಟೆಂಡರಿನ ಪಕ್ಕ ಇಟ್ಟು ನೋಡಿ. 2014ರಿಂದ ಕರ್ನಾಟಕದ ಎಪಿಎಂಸಿಗಳಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿದೆ. ರೈತ ಮಾಲು ತಂದರೆ ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ರಾಶಿ ನೋಡಿ, ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಕ್ವಿಂಟಲಿಗೆ ಇಷ್ಟು ಅಂತ ಹಾಕುತ್ತಾರೆ. ಒಬ್ಬರ ರೇಟು ಇನ್ನೊಬ್ಬರಿಗೆ ಕಾಣುವುದಿಲ್ಲ. ವೇಳೆ ಮುಗಿದ ಮೇಲೆ ಹೆಚ್ಚು ಹಾಕಿದವನಿಗೆ, ಅವನು ಹಾಕಿದ ರೇಟಿಗೇ. ರೈತ ಒಪ್ಪದಿದ್ದರೆ ಮಾಲು ವಾಪಸ್. ಇಲ್ಲಿ ಗೆದ್ದವನು ತನ್ನ ಬಾಯಿಂದ ಬಂದಷ್ಟನ್ನೂ ಕೊಡಬೇಕು. ಅದಕ್ಕೇ ಇಲ್ಲಿ ಕೂತಿರುವ ಕಾಕಾ ಯಾರೂ ತಮ್ಮ ಮನಸ್ಸಿನ ಪೂರ್ತಿ ರೇಟು ಹಾಕುವುದಿಲ್ಲ, ಪಕ್ಕದವನು ಎಷ್ಟು ಹಾಕಬಹುದು ಅಂತ ಊಹಿಸಿ ಅದಕ್ಕಿಂತ ಹತ್ತಿಪ್ಪತ್ತು ರೂಪಾಯಿ ಮೇಲೆ ಹಾಕುತ್ತಾರೆ. (ಸಭೆಯಲ್ಲಿ ನಗು. ‘ಅದನ್ನ ಮಕ್ಕಳ ಮುಂದ ಹೇಳಬ್ಯಾಡ್ರಿ’ ಅಂತ ಒಬ್ಬ ಹಿರಿಯರು.) ಹೇಳಲೇಬೇಕು ಕಾಕಾ, ಪರೀಕ್ಷೆಗೆ ಬರುತ್ತದೆ. ಇಬೇಯಲ್ಲಿ ಈ ಊಹೆಯ ಕಷ್ಟವಿಲ್ಲ. ನಿಮ್ಮ ನಿಜವಾದ ಗರಿಷ್ಠ ಮೊತ್ತ ಬರೆದು ಮಲಗಬಹುದು. ಕರೆಂಟು ಹೋದರೂ ಯಂತ್ರ ನಿಮ್ಮ ಪರ ಕೂಗುತ್ತಿರುತ್ತದೆ.

ಆದರೆ ದೊಡ್ಡ ವ್ಯತ್ಯಾಸ ನಿಯಮದಲ್ಲಿಲ್ಲ, ಗಿರಾಕಿಗಳ ಸಂಖ್ಯೆಯಲ್ಲಿದೆ. ತೊಗರಿಗೆ ದಾಲ್ ಮಿಲ್ಲುಗಳಿವೆ, ಹೊರ ರಾಜ್ಯದ ಖರೀದಿದಾರರಿದ್ದಾರೆ, ಬೆಂಬಲ ಬೆಲೆ ಅಂತ ಒಂದು ನೆಲವಿದೆ. ಒಬ್ಬ ಎದ್ದುಹೋದರೆ ಭಾವ ಅಲುಗುವುದಿಲ್ಲ. ಪಕ್ಕದ ಲಾಟಿನದೂ ಹೆಚ್ಚುಕಡಿಮೆ ಅದೇ ರೇಟು. 1984ರ ಯಾವುದೋ ಒಂದು ಬಣ್ಣದ ಬೋರ್ಡಿಗೆ ಇಡೀ ಜಗತ್ತಿನಲ್ಲಿ ಜಿದ್ದಿಗೆ ಬೀಳುವವರು ಹತ್ತು ಮಂದಿ ಇರಬಹುದು, ಆ ವಾರ ಕಣ್ಣಿಟ್ಟವರು ಇಬ್ಬರು. ಇಬ್ಬರಲ್ಲಿ ಒಬ್ಬನಿಗೆ ಸಿಕ್ಕಿತು ಅನ್ನಿ. ಅವನ ಗೋಡೆ ತುಂಬಿತು, ಅವನು ಹೋದ. ಮುಂದಿನ ತಿಂಗಳು ‘ಓಹೋ, ಇಷ್ಟಕ್ಕೆ ಹೋಯ್ತಲ್ಲ’ ಅಂತ ಇನ್ನೊಬ್ಬ ತನ್ನ ಅಟ್ಟದ ಬೋರ್ಡು ಇಳಿಸಿ ಹರಾಜಿಗಿಟ್ಟರೆ, ಈಗ ಕೂಗಲು ಉಳಿದವನು ಒಬ್ಬನೇ. ಹೋದ ತಿಂಗಳ ಬೆಲೆಯ ಅರ್ಧಕ್ಕೂ ಹೋಗದಿರಬಹುದು. ಮಾರಿದವನು ಮೋಸ ಆಯ್ತು ಅಂತ ಗೋಳಾಡುತ್ತಾನೆ. ಮೋಸ ಏನಿಲ್ಲ. ‘ಈ ಬೋರ್ಡಿನ ಬೆಲೆ ಎಷ್ಟು’ ಅನ್ನುವ ಪ್ರಶ್ನೆಗೆ ಒಂದೇ ಅಂಕಿ ಹೇಳುವವರನ್ನು ನಾನು ನಂಬುವುದಿಲ್ಲ.

ಕಳ್ಳಾಟದಲ್ಲೂ ಎರಡು ಕಡೆ ಉಲ್ಟಾ. ಟೆಂಡರಿನಲ್ಲಿ ಹೆದರಿಕೆ ಏನು? ಖರೀದಿದಾರರು ಒಳಗೊಳಗೇ ಮಾತಾಡಿಕೊಂಡು ರೇಟು ಕೆಳಗಿಡುವುದು. ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವರಿಗೆ ಒಬ್ಬರಿಗೊಬ್ಬರ ಗುರುತೇ ಇರುವುದಿಲ್ಲ. ಅಲ್ಲಿ ಹೆದರಿಕೆ ಮಾರುವವನ ಭಾವಮೈದುನನದು. ಕೊಳ್ಳುವ ಮನಸ್ಸಿಲ್ಲದೆ ಬಂದು ಕೂಗಿ, ಎರಡನೆಯವನ ಜಾಗದಲ್ಲಿ ಕೂತು ಬೆಲೆ ಏರಿಸುತ್ತಾನೆ. ಎರಡನೆಯವನೇ ಬೆಲೆ ಕಟ್ಟುವುದಾದರೆ, ಕೈ ಹಾಕಬೇಕಾದ ಜಾಗ ಯಾವುದೆಂದು ಕಳ್ಳನಿಗೆ ಗೊತ್ತು. ತಾಣದ ನಿಯಮದಲ್ಲಿ ಇದು ನಿಷಿದ್ಧ. ಆದರೂ ಬಿಡ್ ಹಿಸ್ಟರಿ, ಅಂದರೆ ಯಾರು ಎಷ್ಟು ಕೂಗಿದರು ಅನ್ನುವ ಪಟ್ಟಿ, ತೆರೆದು ನೋಡುವ ರೂಢಿ ಇಟ್ಟುಕೊಳ್ಳಿ. ಹಿಂದೆ ಏನೂ ಕೊಳ್ಳದ ಹೊಸ ಖಾತೆಯೊಂದು ಒಂದೇ ಮಾರಾಟಗಾರನ ಮಾಲಿಗೆ ಮತ್ತೆ ಮತ್ತೆ ಕೂಗಿ ಪ್ರತಿ ಸಲ ಸೋಲುತ್ತಿದ್ದರೆ ನಾನಂತೂ ಕಿಟಕಿ ಮುಚ್ಚುತ್ತೇನೆ.

ಕೊನೆಯ ಕ್ಷಣದ ಕೂಗಿನ ಬಗ್ಗೆ ಹೇಳದಿದ್ದರೆ ಈ ಹವ್ಯಾಸದ ಅರ್ಧ ಬಿಟ್ಟಂತೆ. ಇಬೇ ಹರಾಜು ಗಡಿಯಾರಕ್ಕೆ ಮುಗಿಯುತ್ತದೆ, ಒಂದು ಸೆಕೆಂಡೂ ಮುಂದೆ ಹೋಗುವುದಿಲ್ಲ. ಹಾಗಾಗಿ ಏಳು ದಿನ ಮಲಗಿದ್ದ ಬೆಲೆ ಕೊನೆಯ ಹತ್ತು ಸೆಕೆಂಡಿನಲ್ಲಿ ಎದ್ದು ಓಡುತ್ತದೆ. ಅಲ್ಲಿನವರು ಸ್ನೈಪಿಂಗ್ ಅನ್ನುತ್ತಾರೆ. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಇದರ ಮೇಲೆ ಪ್ರಬಂಧ ಪ್ರಕಟಿಸಿದರು. ಆ ಕಾಲಕ್ಕೆ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು. ಅಲ್ಲಿ ಕೊನೆಗೆ ಯಾರಾದರೂ ಕೂಗಿದರೆ ವೇಳೆ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಹೋಲಿಸಿ ನೋಡಿದಾಗ ಕೊನೆಯ ಗಳಿಗೆಯ ನುಗ್ಗಾಟ ಇಬೇಯಲ್ಲೇ ಬಹಳ ಹೆಚ್ಚು. ಮನುಷ್ಯರ ಸ್ವಭಾವ ಒಂದೇ, ನಿಯಮ ಬೇರೆ ಅಷ್ಟೇ. ನಿಜವಾದ ಗರಿಷ್ಠ ಮೊತ್ತ ಬರೆದಿಟ್ಟು ಮಲಗಬಹುದಾದರೆ ಕೊನೆಗೆ ಯಾಕೆ ಕಾಯಬೇಕು? ಯಾಕೆಂದರೆ ಎದುರಾಳಿ ಹಾಗೆ ಬರೆದಿಟ್ಟಿರುವುದಿಲ್ಲ. ಅವನು 400 ಬರೆದು, ನಿಮ್ಮ ಕೂಗು ನೋಡಿ ಜಿದ್ದಿಗೆ ಬಿದ್ದು 500 ಅನ್ನುತ್ತಾನೆ, ಮತ್ತೆ 600. ಅವನಿಗೆ ಜಿದ್ದು ಹುಟ್ಟಲು ಪುರುಸೊತ್ತು ಕೊಡಬಾರದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಭಾನುವಾರ ಸಂಜೆ ಆರಕ್ಕೆ ಮುಗಿಯುವ ಹರಾಜು ಬೇಸಿಗೆಯಲ್ಲಿ ನಮಗೆ ಸೋಮವಾರ ಬೆಳಗಿನ ಆರೂವರೆ. ಗಂಜ್ ತೆರೆಯುವ ಮುಂಚೆ, ಚಹಾದ ಹೊತ್ತು. ಈ ವಿಷಯದಲ್ಲಿ ಭೂಗೋಳ ನಮ್ಮ ಪರ ಇದೆ.

ಇನ್ನು ಪೇಪರಿನಲ್ಲಿ ಬರುವ ದೊಡ್ಡ ಅಂಕಿಗಳು. 2019ರ ಜನವರಿಯಲ್ಲಿ ಸೋಥೆಬೀಸ್ ಸಂಸ್ಥೆ ಆನ್‌ಲೈನ್ ಹರಾಜಿನಲ್ಲಿ ಸುಪ್ರೀಂ ಅನ್ನುವ ನ್ಯೂಯಾರ್ಕ್ ಕಂಪನಿಯ ಇಪ್ಪತ್ತು ವರ್ಷದ ಬೋರ್ಡುಗಳ ಪೂರ್ತಿ ಕಟ್ಟು ಮಾರಿತು. 248 ಬೋರ್ಡು, 8 ಲಕ್ಷ ಡಾಲರ್. ಅಂದಿನ ದರಕ್ಕೆ ಐದೂವರೆ ಕೋಟಿ ರೂಪಾಯಿಯ ಮೇಲೆ. ಭಾಗಿಸಿ ನೋಡಿ: ಒಂದಕ್ಕೆ ಸುಮಾರು 3,225 ಡಾಲರ್. ಬಿಡಿಬಿಡಿಯಾಗಿ ಮಾರಿದ್ದರೆ ಅದರಲ್ಲಿ ಬಹಳಷ್ಟಕ್ಕೆ ಅಷ್ಟು ಹುಟ್ಟುತ್ತಿರಲಿಲ್ಲ ಅಂತ ನನ್ನ ಎಣಿಕೆ. ಒಂದೂ ಬಿಡದೆ ಕೂಡಿಸಿದ್ದಾರೆ ಅನ್ನುವುದಕ್ಕೇ ಆ ರೊಕ್ಕ. ಮುರಾಕಾಮಿ, ಜೆಫ್ ಕೂನ್ಸ್, ಡೇಮಿಯನ್ ಹರ್ಸ್ಟ್ ಅವರಂಥ ಕಲಾವಿದರ ಚಿತ್ರಗಳು ಅದರಲ್ಲಿದ್ದವು, ಹಾಗಾಗಿ ಸ್ಕೇಟ್‌ಬೋರ್ಡಿನ ಗಿರಾಕಿ ಜೊತೆಗೆ ಚಿತ್ರಕಲೆಯ ಗಿರಾಕಿಯೂ ಬಂದ. ಎರಡನೆಯವನು ಬೇರೆ ಸಂತೆಯಿಂದ ಬಂದಾಗ ಬೆಲೆ ಹೀಗೆ ಹಾರುತ್ತದೆ.

ಇನ್ನೊಂದು ಟೋನಿ ಹಾಕ್‌ನದು. 1999ರ ಎಕ್ಸ್ ಗೇಮ್ಸ್ ಅನ್ನುವ ಪಂದ್ಯಾವಳಿಯಲ್ಲಿ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಇಳಿದನಲ್ಲ, 900 ಡಿಗ್ರಿ, ಆವತ್ತು ಕಾಲ ಕೆಳಗಿದ್ದ ಬೋರ್ಡು 2025ರ ಸೆಪ್ಟೆಂಬರಿನಲ್ಲಿ ಜೂಲಿಯನ್ಸ್ ಹರಾಜಿನಲ್ಲಿ ಸುಮಾರು 11 ಲಕ್ಷ 50 ಸಾವಿರ ಡಾಲರಿಗೆ ಹೋಯಿತು. ಹತ್ತು ಕೋಟಿ ರೂಪಾಯಿಯ ಆಸುಪಾಸು. ಇದನ್ನು ಓದಿ ‘ಹಳೆ ಬೋರ್ಡಿಗೆ ಭಾರಿ ಬೆಲೆ’ ಅಂತ ಹೊರಟರೆ ಕೆಟ್ಟಿರಿ. ಅಲ್ಲಿ ಮಾರಾಟವಾದದ್ದು ಟಿವಿಯಲ್ಲಿ ಎಲ್ಲರೂ ನೋಡಿದ ಒಂದು ಜಿಗಿತ. ಅದು ಇರುವುದು ಒಂದೇ.

ದಿನದ ಬೆಲೆ ತಿಳಿಯಬೇಕಾದರೆ ಪೇಪರು ಬಿಟ್ಟು ತಾಣದಲ್ಲಿ ‘ಸೋಲ್ಡ್ ಐಟಮ್ಸ್’ ಗುಂಡಿ ಒತ್ತಿ. ಮಾರಾಟಕ್ಕಿಟ್ಟವನು ಬರೆದ ಬೆಲೆ ಅವನ ಆಸೆ. ಅದನ್ನು ಬರೆಯಲು ಖರ್ಚಿಲ್ಲ. ಮಾರಿದ ಪಟ್ಟಿಯಲ್ಲೂ ಬೆಲೆಯ ಮೇಲೆ ಗೀಟು ಎಳೆದಿದ್ದರೆ, ಚೌಕಾಶಿ ಮಾಡಿ ಅದಕ್ಕಿಂತ ಕಡಿಮೆಗೆ ಕೊಟ್ಟಿದ್ದಾನೆ ಅಂತ ಅರ್ಥ.

ಪ್ರಶ್ನೆಗಳಿಗೆ ಬರೋಣ. ‘ಹೊಸದಾಗಿ ಮಾಡಿ ಹಳೇದು ಅಂತ ಮಾರಲ್ವಾ ಸರ್?’ ಮಾರುತ್ತಾರೆ. ಪವೆಲ್ ಕಂಪನಿಯೇ ತನ್ನ ಹಳೆ ಚಿತ್ರಗಳ ಬೋರ್ಡುಗಳನ್ನು ಮತ್ತೆ ಅಚ್ಚು ಹಾಕಿ ಮಾರುತ್ತದೆ. ಅದರಲ್ಲಿ ತಪ್ಪಿಲ್ಲ, ಗೋಡೆಗೆ ಚಿತ್ರ ಬೇಕಾದವರಿಗೆ ಅದೇ ಸಾಕು. ತಪ್ಪು ನಡೆಯುವುದು ಅದನ್ನು ಕೆರೆದು, ಬಿಸಿಲಿಗಿಟ್ಟು 1985ರದ್ದು ಅನ್ನುವವರಿಂದ. ನಾನು ಮೊದಲು ನೋಡುವುದು ಗಾಲಿ ಕೂಡಿಸುವ ತೂತುಗಳನ್ನು. ಹಲಗೆಯ ಉದ್ದಕ್ಕೆ ಎರಡು ತೂತಿನ ನಡುವೆ ಹಳೆ ಅಳತೆ ಎರಡೂವರೆ ಇಂಚು. 1990ರ ದಶಕದ ಆರಂಭದಲ್ಲಿ ಅದು 2.125 ಇಂಚಿಗೆ ಇಳಿಯಿತು. 1985ರ ಬೋರ್ಡು ಅಂದವನ ಫೋಟೋದಲ್ಲಿ ಹೊಸ ಅಳತೆಯ ತೂತು ಕಂಡರೆ ಮಾತು ಮುಗಿಯಿತು. ಹಳೆ ಅಳತೆಯ ತೂತು ಇದ್ದ ಮಾತ್ರಕ್ಕೆ ಹಳೆಯದು ಅನ್ನುವಂತೆಯೂ ಇಲ್ಲ, ಮರುಮುದ್ರಣದಲ್ಲೂ ಎರಡೂ ಅಳತೆ ಹಾಕುವುದುಂಟು. ಆಮೇಲೆ ಬಣ್ಣ. ಈಗಿನ ಬೋರ್ಡುಗಳಲ್ಲಿ ಹೆಚ್ಚಿನವು ಹಾಳೆಯ ಮೇಲಿನ ಚಿತ್ರವನ್ನು ಬಿಸಿಯಲ್ಲಿ ಒತ್ತಿ ಅಂಟಿಸಿದವು, ಬೆರಳಿಗೆ ನುಣ್ಣಗೆ ಹತ್ತುತ್ತವೆ. ಫೋಟೋ ಓರೆ ಬೆಳಕಿನಲ್ಲಿ ತೆಗೆದು ಕಳಿಸು ಅಂತ ಕೇಳಿ. ಕಳಿಸದವನ ಹತ್ತಿರ ಕೊಳ್ಳಬೇಡಿ.

‘ನಾವು ಹುಮನಾಬಾದ್ ಕಡೆಯವರು ಸರ್, ಮನೆಯಲ್ಲಿ ಮುತ್ತಜ್ಜನ ಕಾಲದ ಬಿದ್ರಿ ಹುಕ್ಕಾದ ತಳ ಇದೆ. ಅದನ್ನೂ ಹೀಗೆ ಹರಾಜಿಗೆ ಹಾಕಬಹುದಾ?’ ತಂಗಿ, ಮೊದಲು ಅದಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಬೇಡ. ಬಿದ್ರಿಯ ಲೋಹದಲ್ಲಿ ಹೆಚ್ಚಿನ ಪಾಲು ಸತು, ಹುಳಿ ಅದನ್ನು ತಿನ್ನುತ್ತದೆ. ಬೀದರ್ ಕೋಟೆಯ ಮಣ್ಣು ಹಾಕಿ ಬರಿಸಿದ ಆ ಕಪ್ಪೇ ಅದರ ಜೀವ, ಅದು ಹೋದರೆ ಬೆಳ್ಳಿಯ ಕುಸುರಿ ಕಾಣುವುದೂ ಇಲ್ಲ. ಎರಡನೆಯದು ಕಾನೂನು. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಒಳಗೆ ವ್ಯಾಪಾರ ಮಾಡುವವನಿಗೂ ಲೈಸೆನ್ಸ್ ಬೇಕು. ಲಂಡನ್ನಿನ ಹರಾಜುಗಳಲ್ಲಿ ಹಳೆ ಬಿದ್ರಿ ಬರುತ್ತದಲ್ಲ ಅಂದರೆ, ಅವು ಬಹಳ ಹಿಂದೆಯೇ ಹೊರಗೆ ಹೋದವು. ಅಮೆರಿಕದ ಹುಡುಗನ ಹಲಗೆ ಕಲಬುರಗಿಗೆ ಸಲೀಸಾಗಿ ಬರುತ್ತದೆ, ನಮ್ಮ ಬೀದರಿನ ಹುಕ್ಕಾ ಇಲ್ಲಿಂದ ಹೋಗುವುದಿಲ್ಲ. ಹೋಗದಿರುವುದೇ ಸರಿ ಅಂತ ನನ್ನ ಅಭಿಪ್ರಾಯ.

ಸಲೀಸಾಗಿ ಅಂದೆ, ಅಗ್ಗವಾಗಿ ಅನ್ನಲಿಲ್ಲ. ಸಾಗಾಟ, ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಕೂಡಿಸಿದರೆ ಸಣ್ಣ ಬೋರ್ಡಿನ ವಿಷಯದಲ್ಲಿ ಆ ಮೊತ್ತವೇ ಬೋರ್ಡಿಗಿಂತ ಹೆಚ್ಚಾಗುವುದುಂಟು. ಕೂಗುವ ಮುಂಚೆಯೇ ಅದನ್ನು ನಿಮ್ಮ ಗರಿಷ್ಠ ಮೊತ್ತದಿಂದ ಕಳೆಯಬೇಕು. ಅಮೆರಿಕದವನಿಗೆ 650 ಅಂದರೆ 650, ನಿಮಗೆ ಅದು 900 ಆಗಬಹುದು. ಹಾಗಾಗಿ ನಮ್ಮಂಥವರು ಬಹಳ ಸಲ ಆ ಎರಡನೆಯವರೇ ಆಗಿ ಉಳಿಯುತ್ತೇವೆ, ಬೇರೆಯವರ ಬೋರ್ಡಿಗೆ ಬೆಲೆ ಕಟ್ಟಿಕೊಟ್ಟು ಅಂಗಡಿಗೆ ಹೊರಡುತ್ತೇವೆ.

‘ಇದರಲ್ಲಿ ರೊಕ್ಕ ಹೂಡಬಹುದಾ?’ ಅಂತ ಕೊನೆಯ ಚೀಟಿ. ಬೇಡ. ಬೇಕಾದಾಗ ಮಾರಲು ಆಗುವುದಿಲ್ಲ, ಬಾಡಿಗೆ-ಬಡ್ಡಿ ಏನೂ ಹುಟ್ಟುವುದಿಲ್ಲ, ಮೇ ತಿಂಗಳಲ್ಲಿ ನಮ್ಮೂರ ಬಿಸಿಲಿಗೆ ತಗಡಿನ ಸೂರಿನ ಕೆಳಗಿಟ್ಟರೆ ಏಳು ಪದರ ಅಂಚಿನಲ್ಲಿ ಬಿಡತೊಡಗುತ್ತದೆ, ಬಿಳಿ ಗಾಲಿ ಹಳದಿಯಾಗುತ್ತದೆ. ಆಸೆಯಿದ್ದವರು ಗಾಲಿಯಿಂದ ಶುರು ಮಾಡ್ರಿ. ಹಳೆ ಯುರೆಥೇನ್ ಗಾಲಿ ನಾಲ್ಕರ ಸೆಟ್ಟು ಸಣ್ಣ ಪೊಟ್ಟಣದಲ್ಲಿ ಬರುತ್ತದೆ, ಸಾಗಾಟ ಕಡಿಮೆ. ಕೂಗುವ ಮುಂಚೆ ನಾಲ್ಕೂ ಗಾಲಿಯ ಹಳದಿ ಒಂದೇ ಸಮ ಇದೆಯೇ ಅಂತ ಫೋಟೋ ಹಿಗ್ಗಿಸಿ ನೋಡಿ. ಒಂದು ಮಾತ್ರ ಬೆಳ್ಳಗಿದ್ದರೆ ಅದು ಬೇರೆ ಸೆಟ್ಟಿನದಿರಬಹುದು, ಅದಕ್ಕೆ ತಕ್ಕ ಹಾಗೆ ಮೊತ್ತ ಇಳಿಸಿ ಬರೆಯಿರಿ.